ಎಲ್ಲೂರಿನ ಚಿಮಣಿ ತೋರಿಸಿ ಕೇಳುವವರಿಗೆ

ನಮ್ಮದು ಎಲೆಕ್ಟ್ರಿಕ್ ಕಾರು. ಮಂಗಳೂರಿನಿಂದ ಉಡುಪಿಗೆ ಬರುವಾಗ ಪಡುಬಿದ್ರಿ ಹತ್ತಿರ ಜೊತೆಗಿದ್ದವರು ಎಲ್ಲೂರಿನ ವಿದ್ಯುತ್ ಸ್ಥಾವರದ ಚಿಮಣಿ ತೋರಿಸಿ ಕೇಳುತ್ತಾರೆ: "ನಿಮ್ಮ ಕರೆಂಟೂ ಕಲ್ಲಿದ್ದಲಿನದ್ದೇ ಅಲ್ವಾ ಮಾರಾಯ್ರೆ? ಮತ್ತೆ ಉಳಿತಾಯ ಎಲ್ಲುಂಟು?"

ಪ್ರಶ್ನೆ ಸರಿಯೇ. 100 ಕಿಲೋಮೀಟರಿಗೆ ಲೆಕ್ಕ ಹಾಕೋಣ.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ಲೀಟರಿಗೆ 16 ಕೊಡುವ ಪೆಟ್ರೋಲ್ ಕಾರು 56 ಯೂನಿಟ್ ಸುಡುತ್ತದೆ. ಚಕ್ರಕ್ಕೆ ಮುಟ್ಟುವುದು ಹೆಚ್ಚುಕಡಿಮೆ ಕಾಲು ಭಾಗ. ಉಳಿದದ್ದೆಲ್ಲ ರೇಡಿಯೇಟರ್, ಸೈಲೆನ್ಸರ್ ದಾರಿಯಲ್ಲಿ ಬಿಸಿಯಾಗಿ ಹೋಗುತ್ತದೆ. ನಂತೂರು ಸರ್ಕಲ್‌ನಲ್ಲಿ ಹತ್ತು ನಿಮಿಷ ಸಿಕ್ಕಿಬಿದ್ದ ಕಾರಿನ ಬಾನೆಟ್ ಮುಟ್ಟಿ ನೋಡಿ. ಆ ಬಿಸಿ ನೀವು ದುಡ್ಡು ಕೊಟ್ಟು ತಂದದ್ದು.

ಪೆಟ್ರೋಲ್ ಎಂಜಿನ್ ಜೊತೆಗೆ ಮೋಟರೂ ಇರುವ ಹೈಬ್ರಿಡ್ ಕಾರು ಅಂಥಲ್ಲಿ ಜಾಣ. ಎಂಜಿನ್ ನಿಲ್ಲಿಸಿ ಮೋಟರಿನಲ್ಲೇ ತೆವಳುತ್ತದೆ, ಬ್ರೇಕ್ ಒತ್ತಿದಾಗ ಒಂದಿಷ್ಟು ಕರೆಂಟ್ ವಾಪಸ್ ತುಂಬಿಕೊಳ್ಳುತ್ತದೆ. ಲೀಟರಿಗೆ 23 ಕೊಟ್ಟರೆ 39 ಯೂನಿಟ್. ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸಿದರೆ ಈ ಜಾಣತನಕ್ಕೆ ಕೆಲಸ ಕಡಿಮೆ.

ನನ್ನ ಕಾರಿಗೆ ಮನೆಯ ಪ್ಲಗ್‌ನಿಂದ 15 ಯೂನಿಟ್ ಸಾಕು. ಇಲ್ಲಿಗೇ ನಿಲ್ಲಿಸಿದರೆ ನಾನೇ ಗೆದ್ದೆ. ಆದರೆ ಅದು ಮೋಸದ ಲೆಕ್ಕ.

ಕಲ್ಲಿದ್ದಲಿನ ಶಕ್ತಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ ಮಾತ್ರ ಕರೆಂಟ್ ಆಗುತ್ತದೆ. ತಂತಿಯಲ್ಲೂ ಸೋರಿಕೆ ಇದೆ. ಹಾಗಾಗಿ ನನ್ನ 15ರ ಹಿಂದೆ ಸುಮಾರು 48 ಯೂನಿಟ್ ಕಲ್ಲಿದ್ದಲು. ಪೆಟ್ರೋಲಿಗೂ ತೈಲ ತೆಗೆದು, ಹಡಗಿನಲ್ಲಿ ತಂದು, ಎಂಆರ್‌ಪಿಎಲ್‌ನಂಥಲ್ಲಿ ಶುದ್ಧ ಮಾಡುವುದಕ್ಕೆ ಹೋಗುವ ಶಕ್ತಿಯನ್ನೂ ಸೇರಿಸಬೇಕು. ಆಗ ಪೆಟ್ರೋಲ್ ಕಾರು 65 ದಾಟುತ್ತದೆ, ಹೈಬ್ರಿಡ್ 46ರ ಆಸುಪಾಸು. ಬರೀ ಕಲ್ಲಿದ್ದಲಾದರೆ ನಾನೂ ಹೈಬ್ರಿಡ್ಡಿನವರೂ ಸಮಸಮ, ಒಪ್ಪಿದೆ.

ಆದರೆ ನಮ್ಮ ಲೈನಿಗೆ ಬರುವುದು ಬರೀ ಎಲ್ಲೂರಿನ ಕರೆಂಟಲ್ಲ. ವಾರಾಹಿ, ಶರಾವತಿಯ ಜಲವಿದ್ಯುತ್ತೂ ಇದೆ. ಬೀಳುವ ನೀರಿನ ಶಕ್ತಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಕರೆಂಟ್ ಆಗುತ್ತದೆ. ಹಗಲಿಗೆ ಸೋಲಾರ್ ಬೇರೆ. ಈ ಪಾಲು ಹೆಚ್ಚಿದಷ್ಟೂ ನನ್ನ 48 ಇಳಿಯುತ್ತದೆ. ಅದಕ್ಕೇ ರಜೆಯ ದಿನ ನಾನು ಮಧ್ಯಾಹ್ನವೇ ಚಾರ್ಜಿಗೆ ಹಾಕುವುದು.

ಇನ್ನು ಬ್ಯಾಟರಿ. ಅದನ್ನು ತಯಾರಿಸಲಿಕ್ಕೇ ತುಂಬಾ ಶಕ್ತಿ ಬೇಕು. ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿಲೋಮೀಟರ್ ಓಡಿಸುವವರು ಸುಮ್ನೆ ಹಳೇ ಕಾರನ್ನೇ ಇಟ್ಟುಕೊಳ್ಳಲಿ.

ಕಂಕನಾಡಿಯಲ್ಲಿರುವ ನನ್ನ ಭಾವನಿಗೆ ದಿನವೂ ಊರೊಳಗೇ ಓಡಾಟ, ಫ್ಲ್ಯಾಟಿನ ಪಾರ್ಕಿಂಗಿನಲ್ಲಿ ಪ್ಲಗ್ ಇಲ್ಲ. ಹೈಬ್ರಿಡ್ ತಗೊಳ್ಳಿ ಅಂದೆ. ಲೆಕ್ಕವೆಲ್ಲ ಕೇಳಿಸಿಕೊಂಡು ಅವರು ಕೇಳಿದ್ದು, "ಅದೆಲ್ಲ ಸರಿ, ಬಿಳಿ ಬಣ್ಣದ್ದು ಉಂಟಾ?"