ಮೊದಲ ಮಾತು ಸರಿ, ಕೊನೆಯ ಮಾತಿಗೆ ತುಟಿ ತಪ್ಪುವುದೇಕೆ?

ಕ್ಯಾಮೆರಾ ಬೇರೆ, ಸೌಂಡ್ ರೆಕಾರ್ಡರ್ ಬೇರೆ ಇಟ್ಟು ಶೂಟ್ ಮಾಡುವವರೆಲ್ಲ ಕೇಳುವುದು ಇದನ್ನೇ: ‘ಕ್ಲ್ಯಾಪ್‌ಗೆ ಸರಿಯಾಗಿ ಕೂಡಿಸಿದ್ದೇವೆ, ಆದರೂ ಮಾತು ತುಟಿಗೆ ಕೂರುತ್ತಿಲ್ಲ, ಯಾಕೆ?’ ಕ್ಲ್ಯಾಪ್ ಎಂದರೆ ಟೇಕಿನ ಮೊದಲಿಗೆ ಕ್ಯಾಮೆರಾ ಮುಂದೆ ‘ಟಪ್’ ಎಂದು ಹೊಡೆಯುವ, ಪಟ್ಟಿಯಿರುವ ಬೋರ್ಡು; ಪಟ್ಟಿ ಮುಚ್ಚಿದ ಚಿತ್ರಕ್ಕೆ ಆ ‘ಟಪ್’ ಸದ್ದನ್ನು ಕೂಡಿಸಿ ಎರಡು ರೆಕಾರ್ಡಿಂಗನ್ನೂ ಹೊಂದಿಸುತ್ತಾರೆ.

ಮೊದಲು ನೋಡಬೇಕಾದ್ದು, ಟೇಕಿನ ಉದ್ದಕ್ಕೂ ವ್ಯತ್ಯಾಸ ಅಷ್ಟೇ ಇದೆಯೋ, ಹೋಗುತ್ತಾ ಹೋಗುತ್ತಾ ಬೆಳೆಯುತ್ತಿದೆಯೋ ಎಂಬುದು. ಇದನ್ನು ತಿಳಿಯದೆ ಸದ್ದಿನ ಟ್ರ್ಯಾಕನ್ನು ಅತ್ತಿತ್ತ ಎಳೆದಾಡುವುದು ವ್ಯರ್ಥ.

ಅಷ್ಟೇ ಇದ್ದರೆ ಸುಲಭ. ಕ್ಲ್ಯಾಪ್‌ನ ಪಟ್ಟಿ ಮುಚ್ಚಿದ ಮೊದಲ ಫ್ರೇಮನ್ನು ಗುರುತಿಸುವಾಗ ಒಂದು ಫ್ರೇಮ್ ಆಚೀಚೆ ಆಗಿರುತ್ತದೆ. ಸೆಕೆಂಡಿಗೆ 24 ಫ್ರೇಮ್ ಎಂದರೆ ಒಂದು ಫ್ರೇಮ್ ಸುಮಾರು 42 ಮಿಲಿಸೆಕೆಂಡ್. ಸದ್ದು ಅಷ್ಟು ತಡವಾದರೆ ನೋಡುಗರಿಗೆ ತಿಳಿಯುವುದಿಲ್ಲ. ಮುಂಚೆ ಬಂದರೆ ಬೇಗ ಕಣ್ಣಿಗೆ ಹೊಡೆಯುತ್ತದೆ. 14 ಮೀಟರ್ ದೂರದಿಂದ ಕೂಗಿದ ಮಾತು ನಿಜವಾಗಿಯೂ ಒಂದು ಫ್ರೇಮ್ ತಡವಾಗಿಯೇ ಕಿವಿ ಮುಟ್ಟುತ್ತದೆ, ಆ ತಡ ನಮಗೆ ಅಭ್ಯಾಸವಾಗಿದೆ. ಅನುಮಾನವಿದ್ದಾಗ ಸದ್ದನ್ನು ತಡವಾಗಿ ಬರುವಂತೆಯೇ ಬಿಡಿ. ಅಂದಹಾಗೆ, ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಸಿಂಕ್ (ಮಾತು-ತುಟಿಯ ಹೊಂದಿಕೆ) ನೋಡಲೇಬೇಡಿ. ತಡ ಅದರದ್ದೇ ಆಗಿರಬಹುದು.

ಬೆಳೆಯುತ್ತಿದ್ದರೆ ಕ್ಲ್ಯಾಪ್‌ನ ತಪ್ಪಲ್ಲ, ವೇಗದ ತಪ್ಪು. ಸೆಕೆಂಡಿಗೆ 23.976 ಫ್ರೇಮಿನಲ್ಲಿ ತೆಗೆದ ಫೂಟೇಜನ್ನು ಎಡಿಟಿಂಗ್‌ನಲ್ಲಿ 24 ಎಂದು ಓಡಿಸಿದರೆ ಚಿತ್ರ ನಿಮಿಷಕ್ಕೆ 60 ಮಿಲಿಸೆಕೆಂಡ್ ಮುಂದೋಡುತ್ತದೆ. ಹತ್ತು ನಿಮಿಷದ ಸಂದರ್ಶನದ ಕೊನೆಗೆ ಅರ್ಧ ಸೆಕೆಂಡಿಗೂ ಹೆಚ್ಚು! ಕ್ಲಿಪ್ಪನ್ನು ಮತ್ತೆ 23.976ಕ್ಕೆ ತಂದರೆ ಮುಗಿಯಿತು.

ಮೊಬೈಲ್ ವಿಡಿಯೊದ ಕಾಟ ಬೇರೆ. ಬೆಳಕು ಕಡಿಮೆಯಾದಾಗ ಫೋನ್ ತಾನಾಗಿಯೇ ಫ್ರೇಮ್ ದರ ಇಳಿಸಬಹುದು, ಆಮೇಲೆ ಏರಿಸಬಹುದು. ಹೀಗಾಗಿ ಒಂದು ಕಡೆ ಸರಿ, ಒಂದು ಕಡೆ ತಪ್ಪು. ಎಡಿಟಿಂಗ್‌ಗೆ ಮೊದಲೇ ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ದರಕ್ಕೆ ಬದಲಿಸಿಕೊಳ್ಳಬೇಕು. ಟೈಮ್‌ಲೈನ್‌ನಲ್ಲಿ ಕತ್ತರಿಸಿದ ಮೇಲೆ ಬದಲಿಸಿದರೆ ಕಟ್‌ಗಳೆಲ್ಲ ಜಾರಬಹುದು.

ಎಲ್ಲ ಸೆಟ್ಟಿಂಗ್ ಸರಿಯಿದ್ದೂ ಜಾರಿದರೆ, ಎರಡು ಯಂತ್ರಗಳ ಗಡಿಯಾರ ಒಂದೇ ವೇಗದಲ್ಲಿ ಓಡುತ್ತಿಲ್ಲ ಎಂದರ್ಥ. ಹತ್ತು ಲಕ್ಷದಲ್ಲಿ 12 ಪಾಲಿನಷ್ಟು ವ್ಯತ್ಯಾಸ ಸಾಕು, ಗಂಟೆಗೆ ಒಂದು ಫ್ರೇಮ್ ಹೋಗುತ್ತದೆ. ಕಥಾಚಿತ್ರದ ಚಿಕ್ಕ ಟೇಕಿಗೆ ಇದು ಲೆಕ್ಕಕ್ಕಿಲ್ಲ. ಬಿಡದೆ ಚಿತ್ರೀಕರಿಸುವ ಯಕ್ಷಗಾನಕ್ಕೆ, ಸಂಗೀತ ಕಛೇರಿಗೆ ಇದೇ ದೊಡ್ಡ ಸಮಸ್ಯೆ. ಅಂಥಲ್ಲಿ ಕೊನೆಯಲ್ಲೂ ಬೋರ್ಡನ್ನು ತಲೆಕೆಳಗಾಗಿ (ಇದು ಕೊನೆಯ ಕ್ಲ್ಯಾಪ್ ಎಂಬ ಗುರುತಿಗೆ) ಹಿಡಿದು ಕ್ಲ್ಯಾಪ್ ಹೊಡೆಯಿರಿ. ಆಗ ಎಷ್ಟು ಜಾರಿದೆ ಎಂದು ಅಳೆಯಬಹುದು. 40 ನಿಮಿಷಕ್ಕೆ ಮೂರು ಫ್ರೇಮ್ ತಪ್ಪಿದ್ದರೆ ಸದ್ದನ್ನು ಅಷ್ಟಕ್ಕೆ ಹಿಗ್ಗಿಸಿ ಅಥವಾ ಕುಗ್ಗಿಸಿ: 57,600 ಫ್ರೇಮಿನಲ್ಲಿ ಮೂರು, ಭಾಗವತರ ಶ್ರುತಿ ಕದಲಿದ್ದು ಯಾರ ಕಿವಿಗೂ ಗೊತ್ತಾಗದು.