ಪೆಡಲ್ ಸ್ಟೀಲ್ ಗಿಟಾರ್ ರಿಪೇರಿ: ಚೇಂಜರ್ ಶುಚಿಯಾಯ್ತು, ಶ್ರುತಿ ಕೂತಿತು

ನನ್ನ ಪೆಡಲ್ ಸ್ಟೀಲ್ ಗಿಟಾರಿನ ಕಾಲುಗಳು, ಪೆಡಲ್ ಬಾರ್, ಅಡಿಯ ರಾಡ್‌ಗಳು ಹೋದ ತಿಂಗಳೇ ಜೋಡಣೆಯಾಗಿದ್ದವು. ಈ ಸಲ ಕೈ ಹಾಕಿದ್ದು ಚೇಂಜರ್‌ಗೆ. ಪೆಡಲ್ ಒತ್ತಿದಾಗ ತಂತಿಯನ್ನು ಏರಿಸುವ, ಇಳಿಸುವ ಕೆಲಸವೆಲ್ಲ ನಡೆಯುವುದು ಅಲ್ಲೇ. ಗಿಟಾರ್ ಅಮೆರಿಕದ್ದು, 1970ರ ದಶಕದಲ್ಲಿ ಮಾಡಿದ್ದು. ಹತ್ತು ತಂತಿ, ಮೂರು ಪೆಡಲ್, ಮೊಣಕಾಲಲ್ಲಿ ತಳ್ಳುವ ನಾಲ್ಕು ಲಿವರ್.

ಹವಾಯನ್ ಗಿಟಾರ್ ನಮ್ಮಲ್ಲಿ ಎಷ್ಟೋ ಜನ ಕೇಳಿದ್ದಾರೆ. ಇದು ಅದರ ಮುಂದಿನ ತಲೆಮಾರು. ತಂತಿಯ ಮೇಲೆ ಕೈಯಲ್ಲಿ ಹಿಡಿಯುವ ಉಕ್ಕಿನ ಬಾರ್ ಅಲುಗಿಸದೆ, ತಂತಿ ಇನ್ನೂ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿ ಸ್ವರ ಜಾರಿಸುವುದನ್ನು ಬಡ್ ಐಸಾಕ್ಸ್ 1954ರಲ್ಲಿ ಕೇಳಿಸಿದ ಮೇಲೆ ವಾದ್ಯದ ದಾರಿಯೇ ಬದಲಾಯಿತು. ಆ ಜಾರು ನಿಲ್ಲಬೇಕಾದ ಕಡೆ ನಿಲ್ಲದಿದ್ದರೆ ಕೇಳೋಕಾಗಲ್ಲ.

ನನ್ನದರಲ್ಲಿ ತೊಂದರೆ ನಾಲ್ಕನೇ ತಂತಿಯದು. ಅದು ಇಂಗ್ಲಿಷಿನ E ಸ್ವರ, ನಮ್ಮ ಲೆಕ್ಕದಲ್ಲಿ ಮೂರು ಮನೆ ಶ್ರುತಿಯ ಷಡ್ಜ. ಲಿವರ್ ತಳ್ಳಿದರೆ ಅರ್ಧ ಸ್ವರ ಕೆಳಗಿನ ಕಾಕಲಿ ನಿಷಾದಕ್ಕೆ ಇಳಿಯಬೇಕು, ಬಿಟ್ಟರೆ ಷಡ್ಜಕ್ಕೆ ವಾಪಸ್ ಬರಬೇಕು. ಬರುತ್ತಿರಲಿಲ್ಲ, ತುಸು ಕೆಳಗೇ ಉಳಿಯುತ್ತಿತ್ತು. ಬಿರಡೆ ತಿರುಗಿಸಿ ಸರಿಮಾಡಿದರೆ ಮುಂದಿನ ಸಲ ಮತ್ತೆ ಬೇರೆ ಕಡೆ.

ನಮ್ಮ ಬೀದಿಯ ಹಿರಿಯರೊಬ್ಬರು ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವರು. ಫ್ಯಾಕ್ಟರಿ ಬಾಗಿಲು ಹಾಕಿ ವರ್ಷಗಳಾದವು, ಅವರ ಕಣ್ಣು ಮಾತ್ರ ಹಾಗೇ ಇದೆ. ಗಿಟಾರನ್ನು ಮೇಜಿನ ಮೇಲೆ ಬೋರಲು ಹಾಕಿದೆವು. ಐ ಗ್ಲಾಸ್ ಹಚ್ಚಿಕೊಂಡು, ಟಾರ್ಚ್ ಬಿಟ್ಟು ತುಂಬಾ ಹೊತ್ತು ನೋಡಿದರು. "ಸ್ಪ್ರಿಂಗ್ ಆಮೇಲೆ ನೋಡೋಣ. ಹಳೇ ಎಣ್ಣೆ ಅಂಟಾಗಿದೆ ನೋಡಪ್ಪ, ಮೊದಲು ಅದನ್ನ ತೆಗಿ" ಅಂದರು.

ಪ್ರತಿ ತಂತಿಗೂ ಚೇಂಜರ್‌ನಲ್ಲಿ ಅಲ್ಯೂಮಿನಿಯಂನ ಎರಡು ತುಂಡುಗಳಿವೆ. ಒಂದು ಏರಿಸಲು, ಒಂದು ಇಳಿಸಲು. ಎಲ್ಲ ಒಂದೇ ಅಚ್ಚಿನ ಮೇಲೆ ಒತ್ತೊತ್ತಾಗಿ ಕೂತಿವೆ. ಅವುಗಳ ಸಂದಿಯಲ್ಲಿ ಕಂದು ಬಣ್ಣದ ಜಿಡ್ಡು ಗಟ್ಟಿಯಾಗಿತ್ತು. ತಂತಿ ಬಿಚ್ಚಿ, ಸೀಮೆಎಣ್ಣೆ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಒಂದೊಂದು ತುಂಡನ್ನೂ ಹಿಂದೆ ಮುಂದೆ ಆಡಿಸಿದೆ. ಕಪ್ಪು ನೀರು ಇಳಿಯುವುದು ನಿಂತ ಮೇಲೆ ಒರೆಸಿ, ಒಣಗಿಸಿ, ಹೊಲಿಗೆ ಮೆಷಿನ್ ಎಣ್ಣೆ ಒಂದೊಂದೇ ಹನಿ ಬಿಟ್ಟೆ. ಜಾಸ್ತಿ ಬಿಟ್ಟರೆ ಮತ್ತೆ ಧೂಳು ಕೂರುತ್ತೆ.

ಅರ್ಧ ರೋಗ ಅಲ್ಲೇ ವಾಸಿಯಾಯಿತು. ಉಳಿದರ್ಧ ಸ್ಪ್ರಿಂಗಿನದು. ಇಳಿಸುವ ತುಂಡನ್ನು ಅದರ ಜಾಗಕ್ಕೆ ಎಳೆದು ಹಿಡಿಯುವುದು ಒಂದು ಸ್ಪ್ರಿಂಗ್. ಮೂರನೇ ಪೆಡಲ್ ಅದೇ ತಂತಿಯನ್ನು ರಿಷಭಕ್ಕೆ ಏರಿಸುತ್ತೆ. ಆಗ ತಂತಿಯ ಬಿಗಿ ಜಾಸ್ತಿಯಾಗಿ ಆ ತುಂಡನ್ನೂ ಎಳೆಯುತ್ತೆ. ಪೆಡಲ್ ಒತ್ತಿ ಟಾರ್ಚ್ ಹಿಡಿದರೆ, ತುಂಡಿಗೂ ಅದು ಆತುಕೊಳ್ಳುವ ಪಟ್ಟಿಗೂ ನಡುವೆ ಕಾಗದ ತೂರುವಷ್ಟು ಬೆಳಕಿನ ಗೆರೆ ಕಾಣುತ್ತಿತ್ತು. ಶ್ರುತಿ ಸೋರುತ್ತಿದ್ದುದು ಆ ಸಂದಿಯಿಂದ. ಸ್ಪ್ರಿಂಗನ್ನು ಮುಂದಿನ ತೂತಿಗೆ ಸಿಕ್ಕಿಸಿ ಬಿಗಿ ಮಾಡಿದೆ, ಗೆರೆ ಮುಚ್ಚಿತು. ಅದಕ್ಕಿಂತ ಬಿಗಿ ಬೇಡ, ಲಿವರ್ ಭಾರವಾಗಿ ಮೊಣಕಾಲು ನೋಯುತ್ತೆ.

ಪೆಡಲ್, ಲಿವರ್‌ಗಳ ಎಳೆತವನ್ನು ಚೇಂಜರ್‌ಗೆ ಮುಟ್ಟಿಸುವ ರಾಡ್‌ಗಳ ತುದಿಯ ನೈಲಾನ್ ನಟ್‌ಗಳಲ್ಲಿ ಕೆಲವು ಸೀಳಿದ್ದವು. ಅಂತರಸನಹಳ್ಳಿಯ ಲೇತ್ ಶಾಪ್‌ನಲ್ಲಿ ನೈಲಾನ್ ಸರಳಿನಿಂದ ಹೊಸದು ಮಾಡಿಸಿದೆ. 3/16 ಇಂಚಿನ ಆರು ಮೂಲೆ. ಒಳಗೆ ಥ್ರೆಡ್ ಹಾಕಿಸಲಿಲ್ಲ. ತೂತು ಕೊಂಚ ಚಿಕ್ಕದಿದ್ದರೆ ರಾಡೇ ತನ್ನ ಥ್ರೆಡ್ ಕೊರೆದುಕೊಂಡು ಹೋಗುತ್ತೆ, ಬಿಗಿಯಾಗಿ ನಿಲ್ಲುತ್ತೆ.

ಇನ್ನು ಶ್ರುತಿ. ಮೊದಲು ಎಲ್ಲ ನಟ್ ಸಡಿಲ ಬಿಟ್ಟು, ಏನೂ ಒತ್ತದೆ ಬಿರಡೆಯಲ್ಲಿ ತಂತಿಗಳನ್ನು ಕೂಡಿಸಬೇಕು. ಆಮೇಲೆ ಲಿವರ್ ಹಿಡಿದು ಇಳಿಕೆ, ಪೆಡಲ್ ಒತ್ತಿ ಏರಿಕೆ, ಎರಡನ್ನೂ ನಟ್‌ನಲ್ಲಿ. ಪೆಡಲ್ ಬಿಟ್ಟಾಗ ನಟ್ಟಿಗೂ ತುಂಡಿಗೂ ಚೂರು ಸಡಿಲ ಇರಲೇಬೇಕು. ಇಲ್ಲದಿದ್ದರೆ ತಂತಿ ಪೂರ್ತಿ ವಾಪಸ್ ಬರಲ್ಲ.

ಟ್ಯೂನರ್‌ನ ಸೂಜಿ ನಡುವೆ ನಿಂತರೆ ಸಾಕು ಅಂದುಕೊಂಡರೆ ಈ ವಾದ್ಯ ಒಪ್ಪುವುದಿಲ್ಲ. ಮೂರು ಮತ್ತು ಆರನೇ ತಂತಿಗಳ ಸ್ವರ ಅಂತರ ಗಾಂಧಾರ. ಸೂಜಿ ಹೇಳುವ ಗಾಂಧಾರ ಸುಮಾರು 14 ಸೆಂಟ್ (ಅರ್ಧ ಸ್ವರಕ್ಕೆ 100 ಸೆಂಟ್) ಮೇಲಿರುತ್ತೆ, ಷಡ್ಜದ ಜೊತೆ ನುಡಿಸಿದರೆ ಅಲೆ ಅಲೆಯಾಗಿ ಕಿರುಗುಡುತ್ತೆ. ನಾನು ತಂಬೂರ ಹಾಕಿಕೊಂಡು ಕೂತೆ. ಮಂದ್ರ ಷಡ್ಜದ ತಂತಿಯಲ್ಲಿ ತಾನಾಗಿ ಹುಟ್ಟುವ ಸ್ವಯಂಭೂ ಗಾಂಧಾರಕ್ಕೆ ಕಿವಿ ಕೊಟ್ಟು, ಅಲೆ ನಿಲ್ಲುವವರೆಗೆ ಬಿರಡೆ ಇಳಿಸಿದೆ. ಮೊದಲ ಪೆಡಲ್ ಪಂಚಮವನ್ನು ಧೈವತಕ್ಕೆ ಏರಿಸುತ್ತೆ. ಅದೂ ಸೂಜಿಗಿಂತ 16 ಸೆಂಟ್ ಕೆಳಗೆ ಕೂತಾಗಲೇ ಹಿತ. ಎರಡನೇ ಪೆಡಲ್‌ನ ಶುದ್ಧ ಮಧ್ಯಮಕ್ಕೆ ಇಷ್ಟು ಗೋಳಿಲ್ಲ, 2 ಸೆಂಟ್ ಮಾತ್ರ.

ಈ ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಮರದ ಮೈಯೇ ಬಾಗಿ, ಮುಟ್ಟದ ನಾಲ್ಕನೇ ತಂತಿ 3 ಸೆಂಟ್ ಇಳಿಯುತ್ತೆ. ಹಳೇ ಗಿಟಾರ್‌ಗಳಲ್ಲಿ ಇದು ಇದ್ದದ್ದೇ. ಹಾಗಾಗಿ ಧೈವತ, ಮಧ್ಯಮಗಳನ್ನು ಪೆಡಲ್ ಒತ್ತಿಟ್ಟೇ, ಆ ಇಳಿದ ತಂತಿಗೆ ಹೊಂದಿಸಿದೆ.

ಏಳನೇ ತಂತಿ ಇನ್ನೂ ಬಗೆಹರಿದಿಲ್ಲ. ಅದು ರಿಷಭ. ಪೆಡಲ್ ಒತ್ತದಿರುವಾಗ ಪಂಚಮದ ಜೊತೆ ಸೇರಲು ಅದರ ಕಂಪನ ಷಡ್ಜಕ್ಕೆ 9:8ರ ಅನುಪಾತದಲ್ಲಿ ಇರಬೇಕು. ಎರಡು ಪೆಡಲ್ ಒತ್ತಿದರೆ ಗ್ರಹಭೇದವಾಗಿ ಮಧ್ಯಮವೇ ಷಡ್ಜವಾಗುತ್ತೆ. ಆಗ ಅದೇ ತಂತಿ ಹೊಸ ಷಡ್ಜಕ್ಕೆ ಧೈವತ, ಹಳೇ ಷಡ್ಜದ ಲೆಕ್ಕದಲ್ಲಿ 10:9ರಲ್ಲಿ ಬೇಕು. ಎರಡರ ನಡುವೆ ಸುಮಾರು 22 ಸೆಂಟ್, ನಮ್ಮ 22 ಶ್ರುತಿಗಳ ಲೆಕ್ಕದಲ್ಲಿ ಎಲ್ಲಕ್ಕಿಂತ ಚಿಕ್ಕ ಅಂತರವಾದ ಪ್ರಮಾಣ ಶ್ರುತಿ ಅಷ್ಟೇ! ಪೆಡಲ್‌ನ ಕೆಳಗೆ ಅದು ಸಿಕ್ಕಾಗ ತುಂಬಾ ಖುಷಿಯಾಯಿತು.

ಇದಕ್ಕೆ ದಾರಿ ಇದೆ. ಮೊದಲ ಪೆಡಲ್‌ಗೆ ಇನ್ನೊಂದು ರಾಡ್ ಸೇರಿಸಿ, ಒತ್ತಿದಾಗ ಏಳನೇ ತಂತಿಯೂ ಅಷ್ಟೇ ಇಳಿಯುವ ಹಾಗೆ ಮಾಡಬೇಕು. ರಾಡ್ ಸಿಕ್ಕಿಸುವ ಕೊಕ್ಕೆಯನ್ನು ಅದೇ ಲೇತ್ ಶಾಪ್‌ನವರು ಅಲ್ಯೂಮಿನಿಯಂನಲ್ಲಿ ಮಾಡಿಕೊಡುತ್ತಾರಂತೆ, ಅಳತೆ ಕೊಟ್ಟು ಬಂದಿದ್ದೇನೆ. ಅಲ್ಲಿಯವರೆಗೆ ಏಳನೆಯದನ್ನು ಎರಡು ರಿಷಭಗಳ ನಡುವೆ, ಸೂಜಿಗಿಂತ 7 ಸೆಂಟ್ ಕೆಳಗೆ ಇಟ್ಟು ನುಡಿಸುತ್ತಿದ್ದೇನೆ.