ಅಪ್ಪ ಕಟ್ಟಿದ ಮನೆಯ ಅಳತೆ

ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳೊಳಗೆ ಪಾವತಿಸಿದರೆ ಶೇ. 5 ರಿಯಾಯಿತಿ. ಅದಕ್ಕೇ ಮೊನ್ನೆ ಭಾನುವಾರ ಮಂಗಳೂರಿನ ಬಿಜೈಯ ನಮ್ಮ ಹಂಚಿನ ಮನೆಯನ್ನು ಟೇಪು ಹಿಡಿದು ಅಳೆದೆ. ಇನ್ನೊಂದು ತುದಿ ಹಿಡಿದಿದ್ದ ಅಮ್ಮ, "ಚಾವಡಿ ಸಹ ಸೇರಿಸ್ಬೇಕಾ ಮಗ?" ಎಂದು ಕೇಳಿದರು. ಸೇರಿಸಲೇಬೇಕು. ಇಲ್ಲಿ ಲೆಕ್ಕ ಘೋಷಿಸುವವರು ನಾವೇ, ತಪ್ಪಿದರೆ ಹೊಣೆಯೂ ನಮ್ಮದೇ.

ಹಳೆ ಕಟ್ಟಡಕ್ಕೆ ಸವಕಳಿ ಕಳೆಯುತ್ತಾರೆ, ಜಾಗಕ್ಕೆ ಸವಕಳಿ ಎಲ್ಲಿದೆ? 2021ರಲ್ಲಿ ತೆರಿಗೆಯನ್ನು ನೋಂದಣಿ ಇಲಾಖೆಯ ಚಾಲ್ತಿ ಮಾರ್ಗಸೂಚಿ ದರಕ್ಕೆ, ಅಂದರೆ ಆಸ್ತಿ ನೋಂದಣಿಗೆ ಸರ್ಕಾರ ನಿಗದಿ ಮಾಡುವ ಕನಿಷ್ಠ ಬೆಲೆಗೆ, ಜೋಡಿಸಿದರು. ಆ ದರ 2023ರ ಅಕ್ಟೋಬರ್ 1ರಿಂದ ಪರಿಷ್ಕರಣೆಯಾಯಿತು. ಸುತ್ತ ಫ್ಲ್ಯಾಟುಗಳು ಎದ್ದಷ್ಟೂ ನಮ್ಮ ಜಾಗದ ಬೆಲೆ ಏರುತ್ತದೆ. ಅಮ್ಮನ ವರಮಾನ ಇದ್ದಲ್ಲೇ ಇದೆ. ತೆರಿಗೆ ಬೇಡ ಎನ್ನುವವನಲ್ಲ ನಾನು, ಚರಂಡಿ, ದಾರಿದೀಪ ನಮಗೂ ಬೇಕು. ಆದರೆ ಮಾರುವ ಯೋಚನೆಯೇ ಇಲ್ಲದವರಿಗೂ ಅದೇ ದರದ ಲೆಕ್ಕ ಹಾಕುವುದು ನ್ಯಾಯವೆಂದು ನನಗನಿಸುವುದಿಲ್ಲ.

ಚಾವಡಿಯ ಅಳತೆಯನ್ನು ಅಮ್ಮನೇ ಬರೆದುಕೊಟ್ಟರು.